ನಲವತ್ತು ವಿಮಾನಗಳಿಗೆ ಒಂದು ಸಹಿ

ಮಂಗಳವಾರ ಬೆಳಿಗ್ಗೆ ಏಳೂ ಹತ್ತಕ್ಕೆ ತುಮಕೂರಿನ ಸದಾಶಿವನಗರದ ಮನೆಯಿಂದ ಹೊರಟೆ. ಕೈಯಲ್ಲಿ ಒಂದೇ ಚೀಲ. ಅದರಲ್ಲಿ ಒಂದು ಜೊತೆ ಬಟ್ಟೆ, ಟಾರ್ಚು, ಭೂತಗನ್ನಡಿ, ಸಂದಿ ಅಳೆಯುವ ಉಕ್ಕಿನ ಪಟ್ಟಿಗಳು, ಮತ್ತು ಹಿಂದಿನ ದಿನ ಸ್ಕೇಲು ಇಟ್ಟು ಗೆರೆ ಎಳೆದು ತಯಾರಿಸಿದ ತಪಾಸಣೆಯ ಪಟ್ಟಿ. ವಾಯುಪಡೆಯಲ್ಲಿ ಇಪ್ಪತ್ತೆಂಟು ವರ್ಷ ವಿಮಾನಗಳ ಒಡಲು, ರೆಕ್ಕೆ ನೋಡಿಕೊಂಡವನು ನಾನು. ಪಟ್ಟಿಯ ಕ್ರಮ ಇವತ್ತಿಗೂ ಬಾಯಿಪಾಠ: ಮೂಗು, ಒಡಲು, ರೆಕ್ಕೆ, ಬಾಲ, ಏರುವುದು, ಹಾರುವುದು, ಇಳಿಯುವುದು. ಏಳು ಕಾಲಂ. ಏಳೂ ತುಂಬಿದ ಮೇಲೆ ಕೆಳಗೆ ಸಹಿ.

ಹೋಗಬೇಕಾಗಿದ್ದುದು ಗುಬ್ಬಿಗೆ, ನನ್ನ ತಮ್ಮನ ಮಗಳು ಶೈಲಜಾಳ ವರ್ಕ್‌ಶಾಪಿಗೆ. ಅವಳು ಆರು ವರ್ಷದಿಂದ ಅಲ್ಲಿ ಡ್ರೋನ್ ಕಟ್ಟುತ್ತಾಳೆ. ಮೊದಲು ಹೊಲಕ್ಕೆ ಔಷಧಿ ಸಿಂಪಡಿಸುವಂಥವು, ಆಮೇಲೆ ಜಮೀನು ಅಳೆಯುವಂಥವು. ಈಗ ಮೊದಲ ಬಾರಿಗೆ ಹೊರದೇಶದ ಒಂದು ಸೇನೆಯಿಂದ ನಲವತ್ತು ವಿಮಾನಗಳಿಗೆ ಬೇಡಿಕೆ ಬಂದಿತ್ತು. ಒಂದೇ ಷರತ್ತು: ವಿಮಾನದ ಅನುಭವ ಇರುವ ಹೊರಗಿನವರೊಬ್ಬರು ಪರೀಕ್ಷಿಸಿ ಸಹಿ ಹಾಕಬೇಕು. "ದೊಡ್ಡಪ್ಪ, ಸಿಂಪಡಿಸೋ ಡ್ರೋನ್ ಈಗ ಎಲ್ರೂ ಮಾಡ್ತಾರೆ. ಇದು ಕೈತಪ್ಪಿದ್ರೆ ದೀಪಾವಳಿ ಹೊತ್ಗೆ ಬಾಗಿಲು ಹಾಕ್ಬೇಕು, ಒಂಬತ್ತು ಜನ ಮನೆಗೆ ಹೋಗ್ತಾರೆ" ಎಂದು ಫೋನಿನಲ್ಲಿ ಹೇಳಿದ್ದಳು. ಸಹಿ ತಾನೇ, ಬರುತ್ತೇನೆ ಎಂದಿದ್ದೆ.

ಪ್ಯಾಸೆಂಜರ್ ರೈಲಿಗೆ ಹತ್ತು ರೂಪಾಯಿ ಟಿಕೆಟ್ಟು. ಹೊರಟಿದ್ದು ಇಪ್ಪತ್ತೆರಡು ನಿಮಿಷ ತಡವಾಗಿ. ಎದುರಿನ ಸೀಟಿನಲ್ಲಿ ತಿಪಟೂರಿಗೆ ಹೊರಟಿದ್ದ ಕೊಬ್ಬರಿ ವ್ಯಾಪಾರಿಯೊಬ್ಬರು ಕೂತಿದ್ದರು. ನನ್ನ ಪಟ್ಟಿಯನ್ನು ಇಣುಕಿ ನೋಡಿ ಏನೆಂದು ಕೇಳಿದರು. ಹೇಳಿದೆ.

"ಡ್ರೋನಾ? ಮದ್ವೇಲಿ ತಲೆ ಮೇಲೆ ಗುಂಯ್ ಅಂತ ತಿರುಗ್ತದಲ್ಲ, ಅದಾ?"

"ಅದೇ ಜಾತಿ. ಆದರೆ ಇದು ಸೇನೆಗೆ."

"ಯಾವ್ ದೇಶದ ಸೇನೆಗೆ?"

"ಗೊತ್ತಿಲ್ಲ."

"ಗೊತ್ತಿಲ್ದೆ ಹೆಂಗೆ ಸಾರ್ ಮಾಡ್ಕೊಡ್ತಾರೆ? ನಾನು ಒಂದ್ ಲೋಡ್ ಕೊಬ್ಬರಿ ಕಳ್ಸಿದ್ರೂ ಯಾವ ಮಂಡಿಗೆ ಅಂತ ಬರೀಬೇಕು!"

ಪಟ್ಟಿ ಮಡಚಿ ಚೀಲಕ್ಕೆ ಹಾಕಿದೆ. ಅಷ್ಟರಲ್ಲಿ ಗುಬ್ಬಿ ಬಂತು.

ವರ್ಕ್‌ಶಾಪು ಊರಾಚೆ ಚೇಳೂರು ರಸ್ತೆಯಲ್ಲಿದೆ. ಮೊದಲು ಕೊಬ್ಬರಿ ಗೋದಾಮಾಗಿದ್ದ ಕಟ್ಟಡ. ಗೋಡೆಗೆ ಇನ್ನೂ ಆ ವಾಸನೆ ಇದೆ, ಅದರ ಮೇಲೆ ರೆಸಿನ್ ಅಂಟಿನ ಘಾಟು. ಶೈಲಜಾ ಬಾಗಿಲಲ್ಲೇ ಕಾಯುತ್ತಿದ್ದಳು. ಒಂಬತ್ತು ಜನರಲ್ಲಿ ಏಳು ಮಂದಿ ಹೆಂಗಸರು. ಅವರಿಗೆಲ್ಲ ಮೇಲ್ವಿಚಾರಕಿ ಜಯಮ್ಮ, ಐವತ್ತರ ಹೆಂಗಸು, ಹಿಂದೆ ಗಾರ್ಮೆಂಟ್ಸ್‌ನಲ್ಲಿದ್ದವಳು. ಅಚ್ಚಿನ ಮೇಲೆ ಕಪ್ಪು ಕಾರ್ಬನ್ ಬಟ್ಟೆ ಹಾಸಿ, ರೆಸಿನ್ ಸವರಿ, ಸುಕ್ಕಿಲ್ಲದಂತೆ ಒತ್ತುತ್ತಿದ್ದಳು. ಅಂಥ ಕೈ ನಮ್ಮ ಘಟಕದಲ್ಲೂ ಅಪರೂಪ.

"ಎಲ್ಲಿ ಕಲಿತೆಯಮ್ಮ?" ಎಂದೆ.

"ಕಲಿಯೋದೇನ್ ಬಂತು ಸಾರ್. ಅಲ್ಲಿ ಶರ್ಟ್ ಬಟ್ಟೆ, ಇಲ್ಲಿ ಕರೀ ಬಟ್ಟೆ. ಇದಕ್ಕೆ ಗುಂಡಿ ಇಲ್ಲ, ಅಷ್ಟೆಯ."

ತೋರಿಸಲೆಂದು ಕಟ್ಟಿದ ಮಾದರಿ ವಿಮಾನ ಮೇಜಿನ ಮೇಲಿತ್ತು. ರೆಕ್ಕೆಯ ತುದಿಯಿಂದ ತುದಿಗೆ ಎರಡೂವರೆ ಮೀಟರು, ತೂಕ ಹನ್ನೊಂದು ಕೆ.ಜಿ. ಪಂಖ ಹಿಂದೆ, ಹೊಟ್ಟೆಯ ಕೆಳಗೆ ಇಳಿಯಲು ಒಂದು ಉದ್ದನೆಯ ಹಲಗೆ. ಮೂಗಿನ ಹಿಂದೆ ಒಂದು ಖಾಲಿ ಗೂಡು. ಅಲ್ಲಿ ಏನು ಕೂರುತ್ತದೆ ಎಂದು ಕೇಳಿದೆ. "ಎರಡು ಕೆ.ಜಿ. ತೂಕ ಅಂತ ಮಾತ್ರ ಬರ್ದಿದಾರೆ. ಕ್ಯಾಮೆರಾ ಇರ್ಬೇಕು" ಎಂದಳು ಶೈಲಜಾ.

ಮೋಟಾರಿನ ಪೆಟ್ಟಿಗೆಯ ಮೇಲೆ ಒಂದು ದೇಶದ ಲಿಪಿ, ಬ್ಯಾಟರಿಯ ಮೇಲೆ ಇನ್ನೊಂದು. ವಿಮಾನವನ್ನು ತಾನಾಗಿ ನಡೆಸುವ ಚಿಕ್ಕ ಬೋರ್ಡಿನ ಮೇಲಿನ ಹೆಸರನ್ನು ಯಾರೋ ಕೆರೆದು ತೆಗೆದಿದ್ದರು. ನಮ್ಮ ಕಾಲದಲ್ಲಿ ಒಂದು ಬೋಲ್ಟಿಗೂ ಹುಟ್ಟಿದ ಊರು, ತಾರೀಕು ಇರುತ್ತಿತ್ತು.

"ಹಾಗಾದರೆ ಇದು ಯಾವ ದೇಶದ ವಿಮಾನ?" ಎಂದೆ.

"ಎಲ್ಲಿ ಅಂಟಿಸ್ತೀವೋ ಆ ದೇಶದ್ದು, ದೊಡ್ಡಪ್ಪ" ಎಂದು ನಕ್ಕಳು.

ಕೆಲಸ ಶುರು ಮಾಡಿದೆ. ರೆಕ್ಕೆಯ ಪದರಗಳು ಒಳಗೆ ಸರಿಯಾಗಿ ಅಂಟಿವೆಯೇ ಎಂದು ತಿಳಿಯಲು ನಾಣ್ಯದಿಂದ ಬೆರಳಷ್ಟು ಅಂತರದಲ್ಲಿ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದರೆ ಸ್ಪಷ್ಟ ಸದ್ದು, ಒಳಗೆ ಪೊಳ್ಳಿದ್ದರೆ ಮಂಕು ಸದ್ದು. ಜಯಮ್ಮ ಸ್ವಲ್ಪ ಹೊತ್ತು ನೋಡುತ್ತಾ ನಿಂತಳು.

"ಸಂತೇಲಿ ತೆಂಗಿನಕಾಯಿ ನೋಡ್ದಂಗೆ ನೋಡ್ತೀರಲ್ಲ ಸಾರ್" ಎಂದವಳೇ ಬೆರಳ ಗೆಣ್ಣಿನಿಂದ ಎಡ ರೆಕ್ಕೆಯ ಬುಡವನ್ನು ತಟ್ಟಿದಳು. "ಇದು ಕೆಟ್ಟದೆ."

ನಾಣ್ಯ ಇಟ್ಟೆ. ಅಲ್ಲಿ ಎರಡು ಬೆರಳಗಲ ಪೊಳ್ಳಿತ್ತು. ಸೂಜಿಯಲ್ಲಿ ರೆಸಿನ್ ಇಳಿಸಿ, ತೂಕ ಹೇರಿ, ಒಣಗಲು ಬಿಟ್ಟೆವು. ಮೊದಲ ನಾಲ್ಕು ಕಾಲಂ ತುಂಬುವಷ್ಟರಲ್ಲಿ ಸಂಜೆ ಐದಾಯಿತು. ಹೊರಡುವಾಗ ಜಯಮ್ಮ, "ಇದು ಹೋಗಿ ಏನ್ ಮಾಡ್ತದೆ ಸಾರ್?" ಎಂದಳು. "ಮೇಲಿಂದ ನೋಡುತ್ತದೆ" ಎಂದೆ. ಅಷ್ಟೇ ನನಗೆ ಗೊತ್ತಿದ್ದುದು. ಆ ರಾತ್ರಿ ಶೈಲಜಾಳ ಮನೆಯಲ್ಲಿ ಉಳಿದೆ. ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು.

ಬುಧವಾರ ಬೆಳಿಗ್ಗೆ ಆರೂವರೆಗೆ ವಿಮಾನದ ರೆಕ್ಕೆ ಬಿಚ್ಚಿ, ಹಳೆಯ ರಗ್ಗುಗಳಲ್ಲಿ ಸುತ್ತಿ, ವ್ಯಾನಿನಲ್ಲಿ ಇಟ್ಟು ಹೊರಟೆವು. ಗುಬ್ಬಿಯ ಸುತ್ತ ಹಾರಿಸಲು ನಿರ್ಬಂಧ ಇರುವುದರಿಂದ ಕುಣಿಗಲ್ ಹತ್ತಿರದ ಒಂದು ಬಯಲಿಗೆ ಅನುಮತಿ ಪಡೆದಿದ್ದರು. ಶೈಲಜಾಳೇ ಚಾಲಕಿ. ಡ್ರೋನ್ ಹಾರಿಸುವ ಪರವಾನಗಿಯೂ ಅವಳಿಗಿದೆ. ತುಮಕೂರಿಗೆ ವಾಪಸು ಬಂದು, ಗೂಳೂರು ದಾಟಿ, ಹೆಬ್ಬೂರಿನಲ್ಲಿ ನಿಲ್ಲಿಸಿ ತಟ್ಟೆ ಇಡ್ಲಿ ತಿಂದೆವು. ಮೋಡವಿತ್ತು, ಗಾಳಿ ಇರಲಿಲ್ಲ. ಹಾರಾಟಕ್ಕೆ ಹೇಳಿಮಾಡಿಸಿದ ಹವೆ.

"ನೀವು ಸಹಿ ಹಾಕಿದ ವಿಮಾನಕ್ಕೆ ನೀವೂ ಹತ್ಬೇಕಿತ್ತಂತೆ? ಅಪ್ಪ ಹೇಳ್ತಿದ್ರು" ಎಂದಳು ಶೈಲಜಾ.

"ನಮ್ಮ ಘಟಕದಲ್ಲಿ ಹಾಗಿತ್ತು. ದುರಸ್ತಿಯಾದ ಮೇಲೆ ಮೊದಲ ಹಾರಾಟಕ್ಕೆ ಸಹಿ ಹಾಕಿದವನೂ ಹೋಗಬೇಕು. ಬೋಲ್ಟು ತಾನಾಗಿ ಬಿಗಿಯಾಗುತ್ತಿತ್ತು."

"ಇದರಲ್ಲಿ ಬ್ಯಾಟರಿ ಕಿತ್ತು ಕೂರಿಸಿದ್ರೂ ನಿಮ್ಮ ಒಂದು ಕಾಲು ಹಿಡಿಯಲ್ಲ ಬಿಡಿ!"

ಇಬ್ಬರೂ ನಕ್ಕೆವು. ಕುಣಿಗಲ್ ತಲುಪಿದಾಗ ಒಂಬತ್ತಾಗಿತ್ತು.

ಬಯಲಿನಲ್ಲಿ, ಈ ಬೇಡಿಕೆ ತಂದುಕೊಟ್ಟ ಏಜೆಂಟ್ ಸುದರ್ಶನ್ ಕಾಯುತ್ತಿದ್ದರು. ಬೆಂಗಳೂರಿನವರು, ನಲವತ್ತರ ಆಸುಪಾಸು, ತುಂಬಾ ಮರ್ಯಾದಸ್ಥರು. ನನಗೆ ಕುರ್ಚಿ ಹಾಕಿಸಿ ಎಳನೀರು ಕೊಟ್ಟರು. ರಬ್ಬರ್ ಹಗ್ಗವನ್ನು ಕವಣೆಯಂತೆ ಎಳೆದು ಬಿಟ್ಟಾಗ ವಿಮಾನ ನೆಲದಿಂದ ಹಾರಿತು. ಇಪ್ಪತ್ತೆರಡು ನಿಮಿಷ ಸುತ್ತಿತು. ಅರ್ಧ ದಾರಿಯಲ್ಲಿ ಶೈಲಜಾ ರಿಮೋಟನ್ನು ಕುರ್ಚಿಯ ಮೇಲಿಟ್ಟು ಕೈ ಕಟ್ಟಿ ನಿಂತಳು. ವಿಮಾನ ತನ್ನ ಪಾಡಿಗೆ ತಾನು ದಾರಿ ಹಿಡಿದು ತಿರುಗುತ್ತಿತ್ತು.

ಆ ಹೊತ್ತಿನಲ್ಲಿ ಸುದರ್ಶನ್ ನನಗೆ ವ್ಯವಹಾರ ವಿವರಿಸಿದರು. "ಮೊದ್ಲು ಇದು ಎರಡು ಮೂರು ದೊಡ್ಡ ದೇಶದವರ ಆಟ ಸಾರ್. ಒಂದೊಂದಕ್ಕೆ ನೂರಾರು ಕೋಟಿ. ಈಗ ಹಂಗಿಲ್ಲ. ಚಿಕ್ಕ ದೇಶದವ್ರು ದೊಡ್ಡದು ಒಂದು ತಗೊಳ್ಳೋ ಬದ್ಲು ಇಂಥವು ಸಾವಿರ ತಗೋತಾರೆ. ಎದುರಿನವರು ಸಿಗ್ನಲ್ ಕೆಡ್ಸಿದ್ರೆ ಕ್ಯಾಮೆರಾದಲ್ಲಿ ನೆಲ ನೋಡ್ಕೊಂಡು ತಾನೇ ಹೋಗುತ್ತೆ. ಹೊಡೆದು ಕೆಡವಿದ್ರೆ ಕೆಡವಲಿ, ಅವರ ಕ್ಷಿಪಣಿಗೆ ಇದಕ್ಕಿಂತ ಜಾಸ್ತಿ ಖರ್ಚು."

"ಕೊಳ್ಳುವವರು ಯಾರು?"

"ಸ್ನೇಹದ ದೇಶ ಸಾರ್. ಸರ್ಕಾರದ ಪರವಾನಗಿ ಎಲ್ಲ ಕರೆಕ್ಟಾಗಿದೆ. ಹೆಸರು ಮಾತ್ರ ಹೇಳೋ ಹಂಗಿಲ್ಲ."

ವಿಮಾನ ಇಳಿಯಿತು. ಹುಲ್ಲಿನ ಮೇಲೆ ಹಲಗೆ ಜಾರಿಸಿಕೊಂಡು ನೇರ ಬಂದು ನಿಂತಿತು. ಎಡ ರೆಕ್ಕೆಯ ಬುಡ ಭದ್ರವಾಗಿತ್ತು. ಏರುವುದು, ಹಾರುವುದು, ಇಳಿಯುವುದು, ಮೂರೂ ಕಾಲಂ ತುಂಬಿ ಪೆನ್ನನ್ನು ಸಹಿಯ ಜಾಗಕ್ಕೆ ತಂದೆ. ಸುದರ್ಶನ್ ಒಂದು ಹಾಳೆ ಸೇರಿಸಿದರು. "ಇದು ನಲವತ್ತಕ್ಕೂ ಅನ್ವಯ ಅಂತ ಒಂದು ಸಾಲು ಬರೆದುಬಿಡಿ ಸಾರ್. ಎಲ್ಲ ಇದೇ, ಹಲಗೆ ಮಾತ್ರ ಇರಲ್ಲ."

ಓದದೆ ಸಹಿ ಹಾಕಿದವನಲ್ಲ ನಾನು. ಹಾಳೆಯಲ್ಲಿದ್ದ ನಕ್ಷೆ ನೋಡಿದೆ. ಹಲಗೆ ಇಲ್ಲ, ಚಕ್ರ ಇಲ್ಲ, ಪ್ಯಾರಾಚೂಟ್ ಇಲ್ಲ.

"ಇಳಿಯುವುದು ಹೇಗೆ?"

"ಅದು ಇಳಿಯಲ್ಲ ಸಾರ್."

ಶೈಲಜಾಳ ಮುಖ ನೋಡಿದೆ. "ಬಲೆ ಕಟ್ಟಿ ಹಿಡೀತಾರೆ ಅಂದ್ಕೊಂಡಿದ್ದೆ ದೊಡ್ಡಪ್ಪ. ಕೆಲವು ಕಡೆ ಹಂಗೆ ಮಾಡ್ತಾರೆ" ಎಂದಳು. ನಿಜವಾಗಿ ಹಾಗೆ ಅಂದುಕೊಂಡಿದ್ದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ಕೆ.ಜಿ.ಯ ಖಾಲಿ ಗೂಡು ಯಾವುದಕ್ಕೆ ಎಂದು ಮತ್ತೆ ಕೇಳುವ ಅಗತ್ಯ ಬೀಳಲಿಲ್ಲ.

ಪೆನ್ನು ಮುಚ್ಚಿದೆ. ನಾನು ಯುದ್ಧ ಬೇಡ ಎನ್ನುವವನಲ್ಲ. ಬಾಂಬು ಹೊತ್ತು ಹೋಗುವ ವಿಮಾನಗಳಿಗೂ ಸಹಿ ಹಾಕಿದ್ದೇನೆ, ನಿದ್ದೆಗೆಟ್ಟಿಲ್ಲ. ಆದರೆ ನಮ್ಮಲ್ಲಿ ವಿಮಾನದ ಕೆಲಸದವರೇ ಬೇರೆ, ಬಾಂಬಿನ ಕೆಲಸದವರೇ ಬೇರೆ. ಪುಸ್ತಕ ಬೇರೆ, ಶೆಡ್ಡು ಬೇರೆ, ಸಹಿ ಬೇರೆ. ಅವರ ಕಾಗದಕ್ಕೆ ನಾನು, ನನ್ನ ಕಾಗದಕ್ಕೆ ಅವರು ಕೈ ಹಾಕುವಂತಿರಲಿಲ್ಲ. ಎದುರಿಗಿರುವುದಕ್ಕೆ ರೆಕ್ಕೆ ಇದೆ, ಬಾಲ ಇದೆ, ನನ್ನ ಆರು ಕಾಲಂನಲ್ಲಿ ಅದು ವಿಮಾನ. ಏಳನೆಯದರಲ್ಲಿ ಬಾಂಬು. ಇದಕ್ಕೆ ಸಹಿ ಹಾಕಬೇಕಾದವರು ಯಾರು?

"ಇದು ನನ್ನ ವಿಭಾಗವಲ್ಲ. ಬಾಂಬಿನ ಪುಸ್ತಕ ಬೇರೆ, ಶೆಡ್ಡು ಬೇರೆ" ಎಂದೆ. "ಈ ಒಂದಕ್ಕೆ, ನನ್ನ ಕಣ್ಣೆದುರು ಇಳಿದದ್ದಕ್ಕೆ, ಸಹಿ ಕೊಡುತ್ತೇನೆ. ಆ ನಲವತ್ತಕ್ಕೆ ಆಗುವುದಿಲ್ಲ."

"ಈ ಒಂದು ಮಾರೋಕಿಲ್ಲ ಸಾರ್" ಎಂದರು ಸುದರ್ಶನ್, ಸ್ವಲ್ಪವೂ ಸಿಟ್ಟಾಗದೆ. "ಪರ್ವಾಗಿಲ್ಲ. ನಿಮ್ಮ ಪಟ್ಟಿ ಬಹಳ ನೀಟಾಗಿದೆ, ಒಂದು ಫೋಟೋ ತಗೋಳ್ಲಾ?" ಆಗಲಿ ಎಂದೆ. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಅವರು ಕಾರಿನ ಕಡೆ ಹೋದ ಮೇಲೆ ಶೈಲಜಾ ಬಾಯಿಬಿಟ್ಟಳು. "ವಿಭಾಗ ಅಲ್ಲ ಅಂತೆ! ಹೆದರಿಕೆ ಆಯ್ತು ಅನ್ನಿ, ಒಪ್ಕೋತೀನಿ. ಬೇಜಾರಾಯ್ತು ಅನ್ನಿ, ಒಪ್ಕೋತೀನಿ. ಅಲ್ಲ, ನೀವು ಪುಸ್ತಕ ಬೇರೆ ಶೆಡ್ ಬೇರೆ ಅಂತೀರ. ನಾಳೆ ಜಯಮ್ಮಂಗೆ ನೀವೇ ಬಂದು ಹೇಳಿ, ನಿನ್ನ ಕೆಲಸ ಯಾವ ಕಾಲಂನಲ್ಲಿ ಹೋಯ್ತು ಅಂತ."

ಅವಳು ಹೇಳಿದ್ದು ಸರಿಯೇ. ಹೆದರಿಕೆಯೋ ಬೇಸರವೋ ನಿಯಮವೋ, ನನಗೇ ಬೇರ್ಪಡಿಸಲು ಆಗಲಿಲ್ಲ. ರೆಕ್ಕೆ ಬಿಚ್ಚಿ ವ್ಯಾನಿಗೆ ಏರಿಸಲು ಕೈ ಜೋಡಿಸಿದೆ. ವ್ಯಾನಿನಲ್ಲಿ ಬನ್ನಿ ಎಂದು ಅವಳು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಕುಣಿಗಲ್ ಬಸ್ ನಿಲ್ದಾಣದವರೆಗೆ ಒಂದು ಕಿಲೋಮೀಟರಿಗಿಂತ ಹೆಚ್ಚು ನಡೆದೆ. ಅಲ್ಲಿ ಹೋಟೆಲಿನಲ್ಲಿ ಊಟ ಮಾಡಿ ಎರಡು ಗಂಟೆಯ ಬಸ್ಸು ಹಿಡಿದೆ.

ಬಸ್ಸು ತುಂಬಾ ಹೆಂಗಸರು. ನನ್ನ ಗುರುತಿನ ಚೀಟಿ ನೋಡಿ ಹಿರಿಯರ ರಿಯಾಯಿತಿ ಕೊಟ್ಟ ಕಂಡಕ್ಟರು, "ಇವತ್ತು ಈ ಬಸ್ಸಲ್ಲಿ ದುಡ್ಡು ಕೊಟ್ಟವ್ರು ನೀವು ಆರ್ನೇವ್ರು ಯಜಮಾನ್ರೇ" ಎಂದ. ಎಲ್ಲರೂ ನಕ್ಕರು. ಮೂವತ್ತಾರು ಕಿಲೋಮೀಟರಿಗೆ ಒಂದೂಕಾಲು ಗಂಟೆ ಹಿಡಿಯಿತು. ಕಿಟಕಿಯಾಚೆ ರಾಗಿ ಹೊಲ, ತೆಂಗಿನ ತೋಟ ಹಾದುಹೋದವು. ಬಾಂಬಿಗೆ ರೆಕ್ಕೆ ಬಂದಿದೆಯೋ, ವಿಮಾನದ ಚಕ್ರ ಕಿತ್ತಿದ್ದಾರೋ ಎಂದು ಯೋಚಿಸುತ್ತಾ ಕೂತೆ. ಗೂಳೂರು ಬಂದರೂ ತೀರ್ಮಾನವಾಗಲಿಲ್ಲ.

ಮನೆ ಸೇರಿ ಕೈಕಾಲು ತೊಳೆದು, ಒಂದು ನಿದ್ದೆ ಮುಗಿಸಿ ಕಾಫಿ ಕುಡಿಯುವಾಗ, ಐದೂ ಮುಕ್ಕಾಲಿಗೆ ಶೈಲಜಾಳ ಫೋನು ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ.

"ದೊಡ್ಡಪ್ಪ, ಆಯ್ತು. ಸುದರ್ಶನ್ ಅವರಿಗೆ ಬೆಂಗಳೂರಲ್ಲಿ ಒಬ್ರು ರಿಟೈರ್ಡ್ ಗೊತ್ತಂತೆ. ಅವರ ಹತ್ರ ಹಾಕಿಸಿದ್ರು. ನಿಮ್ಮ ಪಟ್ಟೀನೇ ಟೈಪ್ ಮಾಡ್ಸಿದಾರೆ."

"ಅವರು ವಿಮಾನ ನೋಡಿದರೇ?"

"ಫೋಟೋ ನೋಡಿದ್ರು."

"ಇಳಿಯುವ ಕಾಲಂನಲ್ಲಿ ಏನು ಬರೆದಿದ್ದಾರೆ?"

ಕಾಗದ ತಿರುವುವ ಸದ್ದು ಕೇಳಿಸಿತು. "'ಅನ್ವಯಿಸುವುದಿಲ್ಲ' ಅಂತ ಇದೆ."

ಕಾಫಿಯ ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಅವಳ ಕೈಯಿಂದ ಜಯಮ್ಮ ಫೋನು ಇಸಿದುಕೊಂಡಳು. ಅವಳಿಗೆ ಯಾರೂ ಏನೂ ಹೇಳಿದಂತಿರಲಿಲ್ಲ.

"ಸಾರ್, ಸಹಿ ಹಾಕ್ಕೊಟ್ರಂತೆ! ನಮ್ಮೆಲ್ರ ಕೆಲ್ಸ ಉಳೀತು ಕಣ್ ಸಾರ್. ನಿಮ್ ಹೊಟ್ಟೆ ತಣ್ಣಗಿರ್ಲಿ."

ಹಾಕಿದ್ದು ನಾನಲ್ಲಮ್ಮ ಎನ್ನಬೇಕಿತ್ತು. ಹಾಗೆ ಹೇಳಿದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಅವಳು ಒತ್ತಿ ಒತ್ತಿ ಸುಕ್ಕು ತೆಗೆದ ರೆಕ್ಕೆಗಳು ಎಲ್ಲಿಗೆ ಹೋಗುತ್ತವೆ ಎಂದು ಹೇಳಬೇಕಾಗುತ್ತದೆ. "ಸಂತೋಷ, ಜಯಮ್ಮ" ಎಂದೆ. ಸಂತೋಷವಾಗಿತ್ತು ಕೂಡ, ಅದು ಸುಳ್ಳಲ್ಲ.

ಫೋನು ಇಟ್ಟ ಮೇಲೆ ಹೆಂಡತಿ, "ಏನಂತೆ?" ಎಂದಳು.

"ಶೈಲಜಾಳ ಕೆಲಸ ಆಯಿತಂತೆ."

"ಒಳ್ಳೇದಾಯ್ತಲ್ಲ."

ಎದ್ದು ಚೀಲದಿಂದ ಬಟ್ಟೆ ತೆಗೆದು ಒಗೆಯಲು ಹಾಕಿದೆ.