ಮುಖ ನೋಡಿ ಹೇಳುವ ಮಾವ್ಶಿ

ಅವನು ಮುಟ್ಟದೇ ಬಿಟ್ಟ ಕಾಫಿಯ ಮೇಲೆ ಕೆನೆ ಕಟ್ಟಿ, ಅಂಚಿನಲ್ಲಿ ಸುಕ್ಕಾಗಿತ್ತು. ಜೆಪ್ಪುವಿನ ನಮ್ಮ ಮನೆಗೆ ನನ್ನನ್ನು ಮದುವೆಗೆ ಕೇಳಲು ಬಂದಿದ್ದ. ಕಾಲೇಜಿನ ಎರಡು ವರ್ಷ ನಾನು ಯಾರಿಗೂ ಹೇಳದೆ ಮೆಚ್ಚಿಕೊಂಡಿದ್ದವನು.

ಮುಖ ನೋಡಿಯೇ ಮನುಷ್ಯರನ್ನು ಅಳೆಯುತ್ತೇನೆ ಎನ್ನುತ್ತಿದ್ದ ಮಾವ್ಶಿ, ನನ್ನ ಅಮ್ಮನ ತಂಗಿ, ಅವನು ಹೊರಟು ಗೇಟು ದಾಟುವ ಮೊದಲೇ ತೀರ್ಪು ಕೊಟ್ಟರು. "ನಮ್ಮ ಕಾಫಿ ಅವನಿಗೆ ಆಗುವುದಿಲ್ಲ. ಎಂತ ಜಂಬ ಮಾರಾಯ್ತಿ! ಕಣ್ಣಲ್ಲೇ ಉಂಟು." ಅಮ್ಮ ನನ್ನ ಕಡೆ ನೋಡಿದರು. ಮಾವ್ಶಿಗೆ ಕಂಡದ್ದು ನನಗೆ ಕಾಣಲಿಲ್ಲವೇನೋ ಎಂದುಕೊಂಡು ನಾನು ಆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಅಮ್ಮ ಬೇಡವೆಂದು ಹೇಳಿ ಕಳುಹಿಸಿದರು.

ಮರುವರ್ಷ, ಅವನಿಗೆ ಬೇರೆ ಕಡೆ ಮದುವೆಯಾದ ಮೇಲೆ, ಕದ್ರಿಯಲ್ಲಿ ಸಿಕ್ಕಿದ ಅವನ ತಂಗಿ ಹೇಳಿದಳು: "ಆ ದಿನ ಅಣ್ಣ ಸಂಜೆಯವರೆಗೆ ಉಪವಾಸ ಇದ್ದ. ನೀವು ಒಪ್ಪಬೇಕೆಂದು ಹರಕೆ. ಹೇಳಿದರೆ ಫಲ ಇಲ್ಲ ಅಂತ ಬಾಯಿ ಬಿಡಲಿಲ್ಲ."

ಮರುದಿನ ಬೆಳಿಗ್ಗೆ ಚರ್ಚಿನ ಬಲಿಪೂಜೆ ಮುಗಿದಾಗ ಮಾವ್ಶಿ, ರಾತ್ರಿಯಿಡೀ ಎಚ್ಚರವಿದ್ದ ನನ್ನ ಗಲ್ಲ ಹಿಡಿದು ದಿಟ್ಟಿಸಿದರು. "ಒಳ್ಳೆ ನಿದ್ದೆ ಬಂದಿದೆಯಲ್ಲ ಬಾಯೆ? ನನಗೆ ಗೊತ್ತಾಗ್ತದೆ." ಹೌದೆಂದು ತಲೆಯಾಡಿಸಿ, ಇಗರ್ಜಿಯ ಮೆಟ್ಟಿಲು ಇಳಿಯಲು ಅವರ ಕೈ ಹಿಡಿದೆ.