ಮೇಪಲ್ ಬಾಟಲಿಯ ಊರು

ನಮ್ಮ ಯಜಮಾನರಿಗೆ ಒಂದು ಚಾಳಿಯಿದೆ. ಏನನ್ನೇ ಆಗಲಿ ಚಮಚದಲ್ಲಿ ತೆಗೆದುಕೊಂಡು ಸುರ್ ಎಂದು ಹೀರಿ ಕಣ್ಣು ಮುಚ್ಚುತ್ತಾರೆ. ಬೆಳೆಗಾರರಿಗೆಂದು ನಡೆದ ಯಾವುದೋ ತರಬೇತಿಗೆ ಹೋಗಿ ಕಾಫಿಯ ರುಚಿ ನೋಡುವ ವಿದ್ಯೆ ಕಲಿತು ಬಂದಾಗಿನಿಂದ ಹೀಗೆ. ಸಾರನ್ನೂ ಬಿಡುವುದಿಲ್ಲ, ಮಜ್ಜಿಗೆಯನ್ನೂ ಬಿಡುವುದಿಲ್ಲ. ನೆಂಟರ ಮನೆಯ ಪಂಕ್ತಿಯಲ್ಲಿ ಕೂತು ತಿಳಿಸಾರು ಹೀರಿದರೆಂದರೆ ನನಗೆ ಬಾಳೆಲೆಯ ಕೆಳಗೆ ನುಸುಳಿಕೊಳ್ಳೋಣ ಎನ್ನಿಸುತ್ತದೆ.

ನಾವಿರುವುದು ಆಲೂರು ಕಡೆಯ ಪಾಳ್ಯ ಅನ್ನುವ ಹಳ್ಳಿಯಲ್ಲಿ. ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ, ಈಚೆಗೆ ಹೋಂಸ್ಟೇ ಅಂತ ಎರಡು ಕೋಣೆ. ನಾನು ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ನಮ್ಮ ಕಾಫಿ ಮೂಟೆಯಾಗಿ ಲಾರಿ ಹತ್ತಿ, ಎಲ್ಲಿಗೋ ಹೋಗಿ, ಯಾವುದೋ ಊರಿನ ಹೆಸರಿನಲ್ಲಿ ಯಾರದೋ ಲೋಟಕ್ಕೆ ಬೀಳುತ್ತದೆ. ಒಂದೇ ಒಂದು ಪೊಟ್ಟಣದ ಮೇಲಾದರೂ ನಮ್ಮೂರ ಹೆಸರು ಅಚ್ಚಾಗಿರುವುದನ್ನು ಕಣ್ಣಾರೆ ನೋಡಬೇಕು ಅಂತ ನನಗೆ ಆಸೆ. ಚಿನ್ನದ ಡಾಬು ಕೇಳಿದವಳಲ್ಲ ನಾನು. ಇದೊಂದನ್ನು ಮಾತ್ರ ಕೇಳಿದ್ದೆ.

ಹೋದ ವರ್ಷ ಒಂದಿಷ್ಟು ಕಾಫಿಯನ್ನು ನಾವೇ ಹುರಿಸಿ, ಪುಡಿ ಮಾಡಿಸಿ, ಪೊಟ್ಟಣ ಕಟ್ಟುವುದೆಂದು ತೀರ್ಮಾನವಾಯಿತು. ಸಕಲೇಶಪುರದಲ್ಲಿ ನಾವು ಯಾವಾಗಲೂ ಸಾಮಾನು ತರುವ ಅಂಗಡಿಯ ಸಾಬರು ತಮ್ಮಲ್ಲಿಟ್ಟು ಮಾರಲು ಒಪ್ಪಿದರು. ನನ್ನ ಸಂಭ್ರಮಕ್ಕೆ ಕಲ್ಲು ಹಾಕಿದ್ದು ನಮ್ಮವರೇ.

"ಪಾಳ್ಯ ಅಂದ್ರೆ ಯಾರಿಗ್ ಗೊತ್ತೇ? ಚಿಕ್ಕಮಗಳೂರು ಕಾಫಿ ಅಂತ ಹಾಕ್ಸಾಣ. ಜನ ಬಿದ್ದು ಬಿದ್ದು ತಗತಾರೆ."

"ನಮ್ ತೋಟ ಚಿಕ್ಕಮಗಳೂರಲ್ಲಿ ಐತೇನ್ರೀ?"

"ಗಿಡಕ್ಕೇನ್ ಜಿಲ್ಲೆ ಗೊತ್ತಾ?"

ಅಯ್ಯೋ, ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಕಾಫಿಗೆ ಸಕ್ಕರೆ ನಿಲ್ಲಿಸಿದೆ. ಮಾತೂ ನಿಲ್ಲಿಸಿದೆ. ಯಾವುದಕ್ಕೂ ಜಗ್ಗದೆ ಪ್ರೆಸ್ಸಿನಲ್ಲಿ ಲೇಬಲ್ಲಿನ ಮಾದರಿ ಮಾಡಿಸಿ ತಂದೇಬಿಟ್ಟರು. ಬಂಗಾರದ ಬಣ್ಣದಲ್ಲಿ ಚಿಕ್ಕಮಗಳೂರು, ಹಿಂದೆ ಸಾಲು ಬೆಟ್ಟ. ನಮ್ಮ ಅಂಗಳದಲ್ಲಿ ನಿಂತರೆ ಗದ್ದೆ ಕಾಣುತ್ತದೆ, ಗದ್ದೆಯಾಚೆ ಪಕ್ಕದವರ ತೋಟ ಕಾಣುತ್ತದೆ, ಅಂಥ ಬೆಟ್ಟ ಒಂದೂ ಕಾಣುವುದಿಲ್ಲ. ಕೊನೆಗೆ ಜಗಳವಾಡಿ ಸಾಕಾಗಿ, ಏನಾದರೂ ಮಾಡಿಕೊಳ್ಳಿ ಅಂದುಬಿಟ್ಟೆ.

ಇದರ ಮಧ್ಯೆ ಮೇಪಲ್ ಸಿರಪ್, ಅಂದರೆ ಮೇಪಲ್ ಮರದ ರಸ ಕಾಯಿಸಿ ಮಾಡುವ ಪಾಕ, ಬಂತು. ಹೋಂಸ್ಟೇಗೆ ಬರುವ ಮಕ್ಕಳಿಗೆ ಕಡುಬು ಬೇಡ, ಅಕ್ಕಿರೊಟ್ಟಿ ಬೇಡ, ಪ್ಯಾನ್‌ಕೇಕೇ ಬೇಕು. ದೋಸೆ ಹಂಚಿನ ಮೇಲೆ ನಾನು ಅದನ್ನೂ ಹುಯ್ಯುವುದು ಕಲಿತೆ. ಅದರ ಮೇಲೆ ಸುರಿಯಲೆಂದು ಯಜಮಾನರು ಸಾಬರ ಅಂಗಡಿಯಿಂದ ಒಂದು ಗಾಜಿನ ಬಾಟಲಿ ತಂದರು. ಕೆಂಪು ಎಲೆ, ಹಿಮ, ಹಿಮದಲ್ಲೊಂದು ಮರದ ಗುಡಿಸಲು, ದಪ್ಪ ಅಕ್ಷರದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಹೆಸರು. ಬಾಟಲಿ ಬಿಚ್ಚಿದ್ದೇ ಚಮಚ ಬಂತು. ಸುರ್!

"ಎತ್ತರದ್ ಜಾಗ ಕಣೇ ಇದು. ನೆರಳು ಕಮ್ಮಿ. ಹಿಮ ಕುಡ್ದಿರೋ ಮರ. ಈ ರುಚಿ ಬೇರೆ ಕಡೆ ಬರಾಕೇ ಇಲ್ಲ."

ಬಂದ ಅತಿಥಿಗಳಿಗೆಲ್ಲ ಇದೇ ಪಾಠ. ಮಕ್ಕಳು ತಿಂದದ್ದಕ್ಕಿಂತ ಇವರು ಕಡುಬಿಗೆ ಸುರಿದುಕೊಂಡು ತಿಂದದ್ದೇ ಹೆಚ್ಚು.

ನಮ್ಮ ಕಡೆ ಗಾಜಿನ ಬಾಟಲಿಯನ್ನು ಯಾವ ಹೆಂಗಸೂ ಎಸೆಯುವುದಿಲ್ಲ. ಖಾಲಿಯಾದ ಮೇಲೆ ಜೇನುತುಪ್ಪ ಹಾಕಿಡೋಣ ಅಂತ ಬಿಸಿನೀರಲ್ಲಿ ನೆನೆಹಾಕಿದೆ. ಹಿಂದುಗಡೆ ಅಂಟಿಸಿದ್ದ ಬೆಲೆಯ ಚೀಟಿ ಬಿಟ್ಟುಕೊಂಡಿತು. ಅದರ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರ. ಕನ್ನಡಕ ಹಾಕಿಕೊಂಡು ಓದಿದೆ. ತಯಾರಾದದ್ದು ಕೆನಡಾದ ಗಂಧಗಾಳಿಯಿಲ್ಲದ ಇನ್ಯಾವುದೋ ದೇಶದ ಫ್ಯಾಕ್ಟರಿಯಲ್ಲಿ. ಒಳಗಿದ್ದದ್ದು ಸಕ್ಕರೆ ಪಾಕ, ಬಣ್ಣ, ಮೇಪಲ್ ಪರಿಮಳ. ನಗು ತಡೆಯಲಾರದೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟೆ.

"ರೀ, ಎತ್ತರದ್ ಜಾಗ ಅಂದ್ರಲ್ಲ, ಆ ಫ್ಯಾಕ್ಟ್ರಿ ಎಷ್ಟನೇ ಮಹಡೀಲಿ ಐತಂತೆ?"

ಪಾಪ, ಅವರ ಮುಖ ನೋಡಬೇಕಿತ್ತು. ಮಾರನೆಯ ದಿನವೇ ಸಕಲೇಶಪುರಕ್ಕೆ ಜೀಪು ಹೊರಟಿತು. ಲೇಬಲ್ಲಿನ ಮಾದರಿಯನ್ನು ಅವತ್ತೇ ಪ್ರೆಸ್ಸಿಗೆ ಒಪ್ಪಿಸಬೇಕಿತ್ತಾದ್ದರಿಂದ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ನಾನೂ ಹೊರಟೆ.

ನಾನು ತೊಳೆದಿಟ್ಟಿದ್ದ, ಫಳಫಳ ಹೊಳೆಯುವ ಬಾಟಲಿಯನ್ನು ಯಜಮಾನರು ಸಾಬರ ಮುಂದೆ ಕುಕ್ಕಿದರು.

"ಯಾವೂರಿಂದು ಅಂತ ಮಾರಿದ್ರಿ ಸಾಬ್ರೆ ಇದನ್ನ?"

"ಅಣ್ಣಾ, ಪೂರ್ತಿ ತಿಂದು, ತೊಳೆದು ಬೇರೆ ತಂದಿದ್ದೀರಲ್ಲ!" ಸಾಬರಿಗೆ ನಗು. "ಮೇಲೆ ಏನ್ ಬರ್ದೈತೋ ಅದನ್ನ ನಂಬಿ ಮಾರ್ತೀನಪ್ಪ ನಾನು."

"ಊರ್ ಹೆಸ್ರು ಅಂದ್ರೆ ಹುಡುಗಾಟನಾ? ಅಲ್ಲಿ ಯಾವನೋ ಚಳೀಲಿ ನಿಂತ್ಕಂಡು ಮರದಿಂದ ರಸ ಇಳಿಸ್ತಾ ಇರ್ತಾನೆ. ಅವನೂರ್ ಹೆಸ್ರು ತಗಂಡು ಸಕ್ಕರೆ ನೀರಿಗೆ ಅಂಟಿಸ್ಬುಟ್ರೆ ಅವನ್ ಕಥೆ ಏನ್ ಮಾರಾಯ?"

ಅಂಗಡಿಗೆ ಬಂದವರೆಲ್ಲ ತಿರುಗಿ ನೋಡುತ್ತಿದ್ದರು. ನನಗೋ, ಬ್ಯಾಗಿನೊಳಗೆ ಲೇಬಲ್ಲಲ್ಲ, ಕೆಂಡ ಇಟ್ಟುಕೊಂಡ ಹಾಗಾಗಿತ್ತು. ಮಾತು ಬದಲಿಸಲೆಂದು ಸಾಬರು ನನ್ನ ಕಡೆ ತಿರುಗಿದರು.

"ಅಕ್ಕಾ, ನಿಮ್ ಕಾಫಿ ಪೊಟ್ಣಕ್ಕೆ ಜಾಗ ಮಾಡಿದೀನಿ ನೋಡಿ, ಆ ಸಿರಪ್ ಬಾಟ್ಲಿಗಳ ಪಕ್ಕಕ್ಕೆ. ಲೇಬಲ್ ಆಯ್ತಾ?"

ತೆಗೆದು ಮುಂದಿಟ್ಟೆ. ಬಾಟಲಿಯ ಮೇಲೆ ಹಿಮ, ಲೇಬಲ್ಲಿನ ಮೇಲೆ ಬೆಟ್ಟ. ಸಾಬರು ಅದನ್ನು ನೋಡಿದರು, ಇದನ್ನು ನೋಡಿದರು, ತಕ್ಕಡಿ ಒರೆಸತೊಡಗಿದರು. ಯಜಮಾನರು ಲೇಬಲ್ಲನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಪಕ್ಕದ ಪ್ರೆಸ್ಸಿಗೆ ಹೋದವರು ಬಹಳ ಹೊತ್ತಾದ ಮೇಲೆ ಬಂದರು.

"ಬೆಟ್ಟ ತೆಗೆಸ್ಬುಟ್ಟೆ. ಗದ್ದೆ ಹಾಕು ಅಂದಿವ್ನಿ."

"ಹೆಸ್ರು?"

"ಇನ್ನೇನ್ ಹಾಕ್ಸ್ತಾರೆ? ಪಾಳ್ಯ!" ನನ್ನ ಮೇಲೆಯೇ ರೇಗಿದರು. ಅವತ್ತು ಸಂಜೆಯ ಕಾಫಿಗೆ ಸಕ್ಕರೆ ಹಾಕಿದೆ.

ಪೊಟ್ಟಣಗಳು ಅಂಗಡಿ ಸೇರಿದವು. ಅಚ್ಚಾದ ಹೆಸರನ್ನು ಕಣ್ಣಾರೆ ನೋಡಿಯೂ ಆಯಿತು. ಆದರೆ ಘಟ್ಟ ನೋಡಲು ಬಂದವರು ಕೈಗೆತ್ತಿಕೊಳ್ಳುತ್ತಾರೆ, ಓದುತ್ತಾರೆ, "ಎಲ್ಲಿದು?" ಅಂತ ವಾಪಸ್ ಇಡುತ್ತಾರೆ. ಪಕ್ಕದ ಸಿರಪ್ ಮಾತ್ರ ಜೋರಾಗಿ ಹೋಗುತ್ತಿತ್ತು. ಯಜಮಾನರು "ನಾನ್ ಹೇಳಿರ್ಲಿಲ್ವಾ" ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು, ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಒಂದು ದಿನ ನಾನು ಅಂಗಡಿಯಲ್ಲಿ ಬೇಳೆ ಕಟ್ಟಿಸುತ್ತಿದ್ದೆ. ಧರ್ಮಸ್ಥಳಕ್ಕೆ ಹೊರಟಿದ್ದ ಗಂಡ ಹೆಂಡತಿ ಬಿಸ್ಕತ್ತಿಗೆಂದು ಇಳಿದರು. ಆಕೆ ನಮ್ಮ ಪೊಟ್ಟಣ ಎತ್ತಿಕೊಂಡು ಓದಿ, ಅಲ್ಲೇ ನಿಂತುಬಿಟ್ಟಳು.

"ಇದ್ಯಾವ್ ಪಾಳ್ಯ ಸಾಬ್ರೆ? ಆಲೂರ್ ಕಡೇದಾ?"

"ಹೂಂ ತಾಯಿ, ಅದೇ."

"ಅಯ್ಯೋ, ನಮ್ ತವರು ಕಣ್ರೀ!" ಆಕೆ ಗಂಡನ ಕಡೆ ತಿರುಗಿದಳು. ಆತ, "ಮನೇಲಿ ಎಲ್ರೂ ಟೀ ಕುಡಿಯೋರು, ಕಾಫಿಪುಡಿ ಏನ್ ಮಾಡ್ತೀಯೇ?" ಅಂದ.

"ಕುಡಿಯಾಕ್ ಯಾರ್ ತಗಂಡ್ರು? ಊರ್ ಹೆಸ್ರು ಐತಲ್ಲ, ಇರ್ಲಿ ಅಡ್ಗೆಮನೇಲಿ."

ಸಾಬರು ಚೀಲ ಕೊಡಲು ಹೋದರು. ಆಕೆ ಬೇಡವೆಂದು ಪೊಟ್ಟಣವನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಕಾರು ಹತ್ತಿದಳು. ಅದು ನಮ್ಮ ತೋಟದ್ದು ಅಂತ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಕಾರು ಹೊರಟೇಹೋಯಿತು, ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಬೇಳೆಯ ಪೊಟ್ಟಣ ಎತ್ತಿಕೊಂಡೆ.