ಅಳುವ ಬೂಟಿಗೆ ಅಮೋಘಪ್ಪನ ಸಹಿ

ಕಪನೂರಿನ ಆ ಶೆಡ್ಡಿನಲ್ಲಿ ಈಗ ಸಿಮೆಂಟ್ ಇಟ್ಟಿಗೆ ಮಾಡುತ್ತಾರೆ. ಮೊದಲು ಅಲ್ಲಿ ‘ರಫ್ತಾರ್’ ಎಂಬ ಕ್ಯಾನ್ವಾಸ್ ಬೂಟು ತಯಾರಾಗುತ್ತಿತ್ತು. ಅದಕ್ಕೆ ರೂಪು ಕೊಟ್ಟವನು ಕಮಲಾಪುರದ ಅಮೋಘಪ್ಪ, ಶೆಡ್ಡಿನ ಕಟಿಂಗ್ ಮಾಸ್ತರ. ಇದು ಅಲ್ಲಿ ದುಡಿದ ನಮಗಷ್ಟೇ ಗೊತ್ತು. ಡಬ್ಬಿಯ ಮೇಲೆ ಮಾಲೀಕ ಸೇಠನ ಹೆಸರಿತ್ತು, ಗೋಡೆಯ ಮೇಲೆ ಸೇಠನ ಅಪ್ಪನ ಫೋಟೋ ಇತ್ತು.

ರೂಪು ಅಂದರೆ ಭಾರೀ ಏನಲ್ಲ. ಪರದೇಶದ ಬೂಟುಗಳ ಪಕ್ಕೆಯಲ್ಲಿರುವಂಥ ಒಂದು ಗುರುತು ಸೇಠನಿಗೆ ಬೇಕಿತ್ತು. ಅವರದನ್ನೇ ಕದಿಯುವ ಧೈರ್ಯ ಇರಲಿಲ್ಲ. ಅಮೋಘಪ್ಪ ದಿನಾ ಕಮಲಾಪುರದ ಬಸ್ಸಿನಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಗಳ ನಡುವೆ ಕಾಲು ಮಡಚಿಕೊಂಡು ಬರುತ್ತಿದ್ದ. ಒಂದು ದಿನ ಕೆಂಪು ರೆಕ್ಸಿನ್ನನ್ನು ಬಾಳೆಹಣ್ಣಿನ ಆಕಾರಕ್ಕೆ ಕತ್ತರಿಸಿ, ತೊಟ್ಟು ಹಿಮ್ಮಡಿಯ ಕಡೆ, ಎರಡೂ ತುದಿ ಮೇಲೆ ಮಾಡಿ ಬೂಟಿನ ಪಕ್ಕೆಗೆ ಇಟ್ಟು ತೋರಿಸಿದ.

“ಬಾಳಿಹಣ್ಣಾ? ಹಾಕ್ಕೊಂಡವ ಜಾರಿ ಬಿದ್ರ ಯಾರು ಜಿಮ್ಮೇದಾರ?” ಅಂದ ಸೇಠ.

“ಜಾರೂದು ಸಿಪ್ಪಿ ಮ್ಯಾಲ್ರೀ ಸೇಠ್‌ಜಿ, ಹಣ್ಣಿನ ಮ್ಯಾಲಲ್ಲ.”

ಅಡಿಯ ರಬ್ಬರಿಗೆ ಅಚ್ಚು ಮಾಡಿಕೊಟ್ಟವನು ಅಲ್ಲಿಯವರೆಗೆ ಬಿಸಿನೀರಿನ ರಬ್ಬರ್ ಚೀಲಕ್ಕೆ ಮಾತ್ರ ಅಚ್ಚು ಮಾಡಿದವನು. ಹೀಗಾಗಿ ರಫ್ತಾರಿನ ಅಡಿಗೂ ಅದೇ ಉದ್ದುದ್ದ ಗೀರು ಬಂದವು. ಮಳೆಗಾಲದಲ್ಲಿ ಮಂದಿ ಜಾರಿಯೇ ಜಾರಿದರು. ಸೇಠನ ಮಾತು ನಿಜವಾಯಿತು, ಬಾಳೆಹಣ್ಣಿನ ತಪ್ಪಿಲ್ಲದೆ. ಆದರೂ ಶಾಲೆಯ ಹುಡುಗರು, ಪೊಲೀಸ್ ಭರ್ತಿಗೆ ಓಡುವವರು, ಮೆರವಣಿಗೆ ಮಾಡುವ ನಾವು, ಎಲ್ಲರ ಕಾಲಲ್ಲೂ ಅದೇ.

ರೆಕ್ಸಿನ್ನಿಗೆ ಒಂದೇ ಮುಖ. ಬೆನ್ನಿಗೆ ಬರೀ ಬಿಳಿ ಬಟ್ಟೆ. ಆದ್ದರಿಂದ ಪದರುಗಳನ್ನು ಮುಖಕ್ಕೆ ಮುಖ ಕೂಡಿಸಿ ಕತ್ತರಿಸಬೇಕು. ಆಗ ಎಡಗಾಲಿಗೊಂದು, ಬಲಗಾಲಿಗೊಂದು ಜೋಡಿಯಾಗಿ ಬರುತ್ತದೆ. ಅಮೋಘಪ್ಪ ಹೊಸಬರಿಗೆಲ್ಲ ಒಂದೇ ಪಾಠ ಹೇಳುತ್ತಿದ್ದ: “ಗಂಡ ಹೆಂಡ್ತಿ ಹಂಗ ಮಲಗಿಸ್ರಪಾ, ಒಬ್ಬರ ಮಾರಿ ಒಬ್ಬರು ನೋಡಬೇಕು.”

ಶೆಡ್ಡಿನಲ್ಲಿ ಬೂಟು ಅಂಟಿಸುವ ಸೊಲ್ಯೂಷನ್ನಿನ ವಾಸನೆಗೆ ಹೆಣ್ಣುಮಕ್ಕಳು ತಲೆ ತಿರುಗಿ ಬೀಳುತ್ತಿದ್ದರು. ಆ ವಾಸನೆ ಹೊರಗೆಳೆಯಲು ಒಂದು ಫ್ಯಾನು ಹಾಕಿಸಿರಿ ಎಂದು ಕೇಳಿದೆವು. ಸೇಠ ತನ್ನ ಕೋಣೆಗೆ ಕೂಲರ್ ಹಾಕಿಸಿಕೊಂಡ. ನಾವು ಕೆಲಸ ನಿಲ್ಲಿಸಿ ಗೇಟಿನ ಮುಂದೆ ಉಪವಾಸ ಕುಳಿತೆವು. ಎಲ್ಲರಿಗಿಂತ ಮೊದಲು ಕತ್ತರಿ ಕೆಳಗಿಟ್ಟವನು ಅಮೋಘಪ್ಪ. ಸೇಠ ಹಳ್ಳಿಗಳಿಂದ ಟೆಂಪೋ ತುಂಬ ಮಂದಿಯನ್ನು ತಂದು ಕೆಲಸ ಮಾಡಿಸಿದ. ಪಾಪ, ಅವರಿಗೇನು ಗೊತ್ತು, ಪದರುಗಳನ್ನೆಲ್ಲ ಮುಖ ಮೇಲೆ ಮಾಡಿ ಒಟ್ಟಿ ಕತ್ತರಿಸಿದರು. ಎಲ್ಲವೂ ಬಲಗಾಲಿನ ಬಾಳೆಯೇ ಬಂದವು. ತೊಟ್ಟು ಹಿಮ್ಮಡಿಗೇ ಬರಬೇಕಲ್ಲ ಎಂದು ಎಡಗಾಲಿಗೆ ಅದನ್ನೇ ಬುಡಮೇಲು ಮಾಡಿ ಹೊಲಿದರು. ಬಲಗಾಲಿನ ಬಾಳೆ ನಗುತ್ತಿತ್ತು, ಎಡಗಾಲಿನದು ಬಾಯಿ ಇಳಿಬಿಟ್ಟು ಅಳುತ್ತಿತ್ತು. ಅಂಗಡಿಯವರು ಮಾಲು ವಾಪಸು ಕಳಿಸಿದರು.

ಗೇಟಿನ ಮುಂದೆ ಕುಳಿತಿದ್ದ ಹೊಲಿಗೆ ಮಷೀನಿನ ಹಾಜಿರಾ ಅಂದಳು: “ನೋಡು ಅಮೋಘಣ್ಣಾ, ನಿನ್ನ ಬಾಳಿ ನಮ್ಮ ಸಲುವಾಗಿ ಅಳಾಕತ್ತದ.”

“ಅದು ನನ್ನ ಬಾಳಿ ಅಲ್ಲ ಬಿಡು,” ಅಂದ ಅಮೋಘಪ್ಪ. ಅವನಿಗೆ ಮಾತ್ರ ನಗು ಬರಲಿಲ್ಲ.

ಫ್ಯಾನು ಬಂತು. ಗೆದ್ದೆವು ಎಂದು ಕರಪತ್ರ ಹಂಚಿದೆವು. ಮುಂದೆ ಶೆಡ್ಡಿಗೇ ಬೀಗ ಬಿತ್ತು. ಫ್ಯಾನನ್ನು ಬಿಚ್ಚಿಕೊಂಡು ಹೋಗಿ ಸೇಠ ತನ್ನ ಕಲ್ಯಾಣಮಂಟಪದ ಅಡುಗೆಮನೆಗೆ ಹಾಕಿದ. ಅಮೋಘಪ್ಪ ಬ್ರಹ್ಮಪುರದಲ್ಲಿ ಆಟೋ ಸೀಟು ಹೊಲಿಯುವ ಅಂಗಡಿ ಇಟ್ಟ. ಈ ಊರಿನ ಅರ್ಧ ಮಂದಿಯ ಕುಂಡೆ ಅವನ ಹೊಲಿಗೆಯ ಮೇಲೆ ಕೂತಿದೆ. ಅಲ್ಲೂ ಹೆಸರು ಬರೆಯುವುದು ಆಟೋ ಮಾಲೀಕನದು.

ಹೋದ ಬೇಸಿಗೆಯಲ್ಲಿ ನಮ್ಮವರನ್ನೇ ವಿಚಾರಿಸಿಕೊಂಡು ಆ ಅಂಗಡಿಗೆ ಅಮೀರ್ ಬಂದ. ಮೂವತ್ತರ ಹುಡುಗ, ಹಳೆಯ ಬೂಟು ಸಂಗ್ರಹಿಸುವ ಹುಚ್ಚು. ಕೈಗೆ ಬಿಳಿ ಗ್ಲೌಸ್ ಹಾಕಿಕೊಂಡು ಡಬ್ಬಿಯಿಂದ ಒಂದು ಜೋಡು ತೆಗೆದ. ಒಂದು ನಗುತ್ತಿತ್ತು, ಒಂದು ಅಳುತ್ತಿತ್ತು.

“ಕಾಕಾ, ಸರಿ ಇದ್ದ ರಫ್ತಾರ್ ಎಲ್ಲಿ ಬೇಕಲ್ಲಿ ಸಿಗ್ತಾವ್ರೀ, ಅವನ್ನ ಯಾರೂ ಕೇಳಂಗಿಲ್ಲ. ಇದರ ಸಲುವಾಗಿ ಮಂದಿ ಜೀವ ಬಿಡ್ತಾರ. ಜೀವನದ ಸುಖ-ದುಃಖ ತೋರಿಸ್ಯಾನ ಅಂತಾರ ಮಾಡಿದವ. ಹೈದರಾಬಾದದಾಗ ಪ್ರದರ್ಶನ ಅದ. ಗಾಜಿನ ಪೆಟ್ಟಿಗ್ಯಾಗ ಇದು, ಮಗ್ಗಲಕ ನಿಮ್ಮ ಫೋಟೋ, ಕೆಳಗ ನಿಮ್ಮ ಹೆಸರು. ಬೂಟಿನ ಮ್ಯಾಲ ಒಂದು ಸಹಿ ಮಾಡ್ರಿ, ಸಾಕು.”

ಹೆಸರು ಎಂಬ ಮಾತಿಗೆ ಅಮೋಘಪ್ಪ ಸೂಜಿ ಕೆಳಗಿಟ್ಟ. ಚಹಾ ತಂದ ಹೆಂಡತಿ ದುಂಡಮ್ಮ ಬೂಟು ನೋಡಿ ಅಂದಳು: “ಇದು ಟೆಂಪೋ ಮಂದಿ ಹೊಲಿದದ್ದಲ್ಲೇನ್ರೀ?”

“ನಾ ಕತ್ತರಿಸಿದವು ಕಂಡವರ ಕಾಲಾಗ ಹರಿದು ಹೋದ್ವು.”

“ಮತ್ತ ಇದಕ್ಕ ಹೆಸರು ಹಾಕಿದ್ರ, ಗೇಟಿನ ಮುಂದ ಉಪಾಸ ಕೂತದ್ದು ಯಾರು?”

“ನೀ ಸುಮ್ಮನಿರು. ಇವತ್ತಿನ ತನಕ ಯಾರರ ನನ್ನ ಹೆಸರು ಕೇಳ್ಯಾರೇನು?”

“ಕೇಳ್ಯಾರ. ರೇಷನ್ ಅಂಗಡ್ಯಾಗ.”

ಅಮೀರ್ ಜೇಬು ತಡಕಾಡಿದ. ರಬ್ಬರಿನ ಮೇಲೆ ಬರೆಯುವ ಪೆನ್ನು ಮರೆತು ಬಂದಿದ್ದ. ಶರಣಬಸವೇಶ್ವರ ಗುಡಿಯ ಹತ್ತಿರ ಕಾಲೇಜಿನ ಮುಂದೆ ಸಿಗುತ್ತದೆ ಎಂದು ದುಂಡಮ್ಮ ಹೇಳಿದಳು. “ಕಾಕಾ, ಗ್ಲೌಸ್ ಇಲ್ಲದ ಮುಟ್ಟಬ್ಯಾಡ್ರಿ,” ಎಂದು ಅಮೀರ್ ಗಾಡಿ ಹತ್ತಿದ.

ಅಮೋಘಪ್ಪ ಬೂಟನ್ನು ಸ್ಟೂಲಿನ ಮೇಲಿಟ್ಟು ನೋಡುತ್ತ ಕುಳಿತ. ಹೆಸರು ಬೇಕಿತ್ತು, ಸುಳ್ಳೇಕೆ, ಯಾರಿಗೆ ಬೇಡ? ಆದರೆ ಆ ಎಡಗಾಲಿನ ಬಾಳೆ ಕಣ್ಣಿಗೆ ಕಸದಂತೆ ಚುಚ್ಚುತ್ತಿತ್ತು. ಬಲಗಾಲಿನ ಬೂಟೆತ್ತಿ ಅದರ ಬಾಳೆಯ ಅಳತೆಯನ್ನು ಕಾಗದಕ್ಕೆ ಇಳಿಸಿಕೊಂಡ. ಆಟೋ ಸೀಟಿನ ಕೆಂಪು ರೆಕ್ಸಿನ್ ಎಳೆದು ಕಾಗದವನ್ನು ಮಗುಚಿ ಹಾಕಿ ಕತ್ತರಿಸಿದ. ಎಡಗಾಲಿನ ಹೊಲಿಗೆ ಬಿಚ್ಚಿದ. ಹಳೆಯ ತೂತುಗಳು ಕಾಣದಂತೆ ಹೊಸ ಬಾಳೆ ಕೂಡಿಸಿ ಹೊಲಿದ. ಮೇಲೆ ಸೀಟಿಗೆ ಹಚ್ಚುವ ಪಾಲಿಶನ್ನೂ ಹಚ್ಚಿದ, ಎರಡಕ್ಕೂ.

ಅಮೀರ್ ಪೆನ್ನು ಹಿಡಿದು ಬಂದಾಗ ಎರಡೂ ಬಾಳೆಹಣ್ಣು ಹಲ್ಲು ಕಿರಿಯುತ್ತಿದ್ದವು. ಹುಡುಗ ಎಡಗಾಲಿನದನ್ನು ಎತ್ತಿ ತಿರುಗಿಸಿ ನೋಡಿದ.

“ಯಾ ಅಲ್ಲಾ... ಕಾಕಾ, ಏನ್ ಮಾಡಿಬಿಟ್ರಿ! ಈಗ ಇದು ಬರೇ ಬೂಟಾಗ್ಯಾದ್ರಿ.”

“ಹೌದಲ್ಲ. ಮೊದಲ ಬರೇ ತಪ್ಪಿತ್ತು. ತಾ ಇಲ್ಲಿ ಪೆನ್ನು, ಎಲ್ಲಿ ಹಾಕ್ಲಿ ಸಹಿ?”

ಅಮೀರ್ ನೆಲದ ಮೇಲೆ ಬಿದ್ದಿದ್ದ ಅಳುವ ಬಾಳೆಯನ್ನು ಗ್ಲೌಸಿನ ಬೆರಳಿನಿಂದ ಎತ್ತಿ, ಧೂಳು ಊದಿ, ಕರ್ಚೀಫಿನಲ್ಲಿ ಮಡಚಿ ಜೇಬಿಗಿಟ್ಟುಕೊಂಡ. ಹೈದರಾಬಾದಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅದೊಂದೇ ಇತ್ತಂತೆ, ಮಾಡಿದವರು ಗೊತ್ತಿಲ್ಲ ಎಂಬ ಚೀಟಿಯೊಂದಿಗೆ. ಟೆಂಪೋ ಮಂದಿಗೆ ಅಂತೂ ಗೌರವ ಸಿಕ್ಕಿತು.

ಬೂಟನ್ನೂ ಪೆನ್ನನ್ನೂ ಅಮೀರ್ ಅಂಗಡಿಯಲ್ಲೇ ಬಿಟ್ಟುಹೋಗಿದ್ದ. ಅಮೋಘಪ್ಪ ಎರಡೂ ಬಾಳೆಯ ಕೆಳಗೆ ದೊಡ್ಡದಾಗಿ ಹೆಸರು ಬರೆದು, ಹಾಕಿಕೊಂಡು, ಎಲ್ಲರಿಗೂ ತೋರಿಸಲು ಕಮಲಾಪುರದ ಬಸ್ಸು ಹತ್ತಿದ. ಇಳಿದು ಊರೊಳಗೆ ಹೊರಟವನ ಬೂಟಿನ ಹಳೆಯ ರಬ್ಬರು ಪುಡಿಯಾಗಿ ಎರಡೂ ಅಡಿಭಾಗ ದಾರಿಯಲ್ಲೇ ಕಳಚಿದವು. ಬಿಸಿನೀರಿನ ಚೀಲದವನ ಕೆಲಸ ಅದು. ಅಮೋಘಪ್ಪ ಮೇಲಿನ ಭಾಗವನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದ. ಬಾಳೆಹಣ್ಣು ಮಾರುವವಳೊಬ್ಬಳು ಕೇಳಿದಳು: “ಏನ್ ಅಮೋಘಪ್ಪಣ್ಣಾ, ಬೂಟು ಕೈಯಾಗ್ಯಾಕ?”

“ಓದವ್ವಾ,” ಅಂದ, “ಹೆಸರು ಬರದದ.”